ಗೋಬರ್ ಗ್ಯಾಸ್ ಘಟಕದ ದುಡಿಮೆ ಅಳೆಯುವುದು ಹೇಗೆ: ಯಾರಿಗೆ ಯಾವ ವಿಧಾನ ಸಾಕು?

"ನಮ್ಮದು 2 ಘನ ಮೀಟರಿನ ಘಟಕ. ಒಲೆ ದಿನಕ್ಕೆ ಎರಡು ಗಂಟೆಯೂ ಉರಿಯುವುದಿಲ್ಲ. ಮೀಟರ್ ಹಾಕಿಸಬೇಕೋ, ಲ್ಯಾಬಿಗೆ ಕಳಿಸಬೇಕೋ, ಮೀಥೇನ್ ಅಳೆಯುವ ಯಂತ್ರ ಕೊಳ್ಳಬೇಕೋ?" ಘಟಕ ಕಟ್ಟಿಸಿದ ಒಂದೆರಡು ವರ್ಷಕ್ಕೆ ಬಹಳ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. 30 ಹಸುಗಳ ಡೈರಿ ಇಟ್ಟು ಗ್ಯಾಸಿನಿಂದ ಜನರೇಟರ್ ಓಡಿಸುವವರ ಪ್ರಶ್ನೆಯೂ ಇದೇ, ಅಲ್ಲಿ ಹಣದ ಮೊತ್ತ ದೊಡ್ಡದು ಅಷ್ಟೆ. ಪೇಟೆಯಲ್ಲಿ ಸಿಗುವ ಸಾಧನಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಯಾವುದನ್ನು ಏತಕ್ಕೆ ಅಳೆಯುತ್ತಿದ್ದೇವೆ ಎಂಬ ಸ್ಪಷ್ಟತೆಯಲ್ಲಿ.

ಸಾಧನ ಆರಿಸುವ ಮುಂಚೆ ಈ ನಾಲ್ಕನ್ನು ಕೇಳಿಕೊಳ್ಳಿ. ಅಳತೆ ಬಂದ ಮೇಲೆ ಯಾವ ತೀರ್ಮಾನ ತೆಗೆದುಕೊಳ್ಳುತ್ತೀರಿ? ನೀರು ಕಡಿಮೆ ಮಾಡುವುದಕ್ಕೋ, ಸೋರಿಕೆ ಹುಡುಕುವುದಕ್ಕೋ, ಎಂಜಿನ್ ಕೊಳ್ಳುವುದಕ್ಕೋ, ಗುತ್ತಿಗೆದಾರರು ಹೇಳಿದ ಲೆಕ್ಕ ಸರಿಯೇ ಎಂದು ನೋಡುವುದಕ್ಕೋ? ಆ ತೀರ್ಮಾನಕ್ಕೆ ಎಷ್ಟು ನಿಖರತೆ ಬೇಕು? ಗ್ಯಾಸ್ ಅರ್ಧಕ್ಕೆ ಇಳಿದಿದೆಯೇ ಎಂದು ತಿಳಿಯಲು ಶೇ 15ರ ತಪ್ಪಿದ್ದರೂ ನಡೆಯುತ್ತದೆ, ಮಾರಾಟದ ಲೆಕ್ಕಕ್ಕೆ ನಡೆಯುವುದಿಲ್ಲ. ಸಾಧನ ಹಸಿ ಗ್ಯಾಸಿನ ತೇವವನ್ನೂ ಅದರಲ್ಲಿರುವ, ಲೋಹ ತಿನ್ನುವ ಹೈಡ್ರೋಜನ್ ಸಲ್ಫೈಡ್ ಅನಿಲವನ್ನೂ ತಾಳಿಕೊಳ್ಳುತ್ತದೆಯೇ? ಕೊನೆಯದು, ಪ್ರತಿದಿನ ಪುಸ್ತಕದಲ್ಲಿ ಬರೆಯುವವರು ಯಾರು? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಮನೆಯಲ್ಲಿ ಎಷ್ಟೇ ಬೆಲೆಯ ಮೀಟರ್ ಕೂರಿಸಿದರೂ ಅದು ಗೋಡೆಯ ಅಲಂಕಾರವಾಗಿಯೇ ಉಳಿಯುತ್ತದೆ.

ಮೊದಲು ತಕ್ಕಡಿ, ಆಮೇಲೆ ಮೀಟರ್

"ದಿನಕ್ಕೆ 1.2 ಘನ ಮೀಟರ್ ಗ್ಯಾಸ್ ಬರುತ್ತದೆ" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. 30 ಕೆಜಿ ಸಗಣಿಗೆ ಅಷ್ಟು ಬಂದಿದ್ದರೆ ಘಟಕ ಬಹಳ ಚೆನ್ನಾಗಿದೆ, 60 ಕೆಜಿಗೆ ಬಂದಿದ್ದರೆ ಎಲ್ಲೋ ಅರ್ಧ ಪೋಲಾಗುತ್ತಿದೆ. ಹಸುವಿನ ಹಸಿ ಸಗಣಿಯ ರೂಢಿಯ ಲೆಕ್ಕ ಕೆಜಿಗೆ ಸುಮಾರು 40 ಲೀಟರ್ ಗ್ಯಾಸ್, ಅಂದರೆ 25 ಕೆಜಿಗೆ 1 ಘನ ಮೀಟರ್. 2 ಘನ ಮೀಟರಿನ ಘಟಕಕ್ಕೆ, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡಬೇಕಾದ ಘಟಕಕ್ಕೆ, ದಿನಕ್ಕೆ 50 ಕೆಜಿ ಸಗಣಿ, 50 ಲೀಟರ್ ನೀರು ಬೇಕು ಎನ್ನುವುದು ಈ ಲೆಕ್ಕದಿಂದಲೇ ಬಂದದ್ದು.

"ನಮ್ಮಲ್ಲಿ ನಾಲ್ಕು ಹಸು ಇವೆ, 50 ಕೆಜಿ ಇದ್ದೇ ಇರುತ್ತದೆ" ಎನ್ನುವ ಅಂದಾಜು ನಂಬಬೇಡಿ. ನಾಟಿ ಹಸು ದಿನಕ್ಕೆ 10 ಕೆಜಿಯ ಸುತ್ತಮುತ್ತ ಹಾಕುತ್ತದೆ, ಅದರಲ್ಲೂ ಹಗಲು ಮೇಯಲು ಹೋದರೆ ಕೊಟ್ಟಿಗೆಗೆ ಸಿಗುವುದು ರಾತ್ರಿಯದ್ದು ಮಾತ್ರ. ತೂಗುವ ಕೊಕ್ಕೆ ತಕ್ಕಡಿಯೊಂದಿದ್ದರೆ ಸಾಕು. ವಾರವಿಡೀ ಪ್ರತಿ ಪುಟ್ಟಿ ತೂಗಿ, ಸರಾಸರಿ ಪುಟ್ಟಿ ಎಷ್ಟು ಕೆಜಿ ಎಂದು ಗೊತ್ತುಮಾಡಿಕೊಂಡರೆ ಮುಂದೆ ಪುಟ್ಟಿಗಳ ಎಣಿಕೆಯೇ ನಡೆಯುತ್ತದೆ. ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಮತ್ತೆ ತೂಗಿ ನೋಡಿ, ಹಸಿ ಮೇವು ತಿಂದಾಗ ಸಗಣಿ ತೆಳುವಾಗುತ್ತದೆ. ಕುಣಿಗಲ್ ತಾಲ್ಲೂಕಿನ ಪುರ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ತಂಡ 1980ರ ದಶಕದಲ್ಲಿ ಕಟ್ಟಿದ ಸಮುದಾಯ ಘಟಕದಲ್ಲೂ ಮನೆಗಳಿಂದ ಬರುವ ಸಗಣಿಯನ್ನು ತೂಕ ಹಾಕಿಯೇ ತೆಗೆದುಕೊಳ್ಳುತ್ತಿದ್ದರು. ಆ ಗ್ಯಾಸಿನಿಂದ ಎಂಜಿನ್ ಓಡಿ ಊರಿಗೆ ನೀರೂ ಬೆಳಕೂ ಸಿಕ್ಕವು.

ನೀರನ್ನೂ ಅಳೆಯಿರಿ. ಕೊಟ್ಟಿಗೆಯನ್ನು ಪೈಪ್ ಹಿಡಿದು ತೊಳೆದು ಎಲ್ಲವನ್ನೂ ಗುಂಡಿಗೆ ಬಿಡುವ ಕಡೆ 50 ಕೆಜಿ ಸಗಣಿಗೆ 100 ಲೀಟರ್ ನೀರು ಸೇರುವುದು ಸಾಮಾನ್ಯ. 4 ಘನ ಮೀಟರಿನ ಗುಂಡಿಯಲ್ಲಿ ದಿನಕ್ಕೆ 100 ಲೀಟರ್ ಬಗ್ಗಡ (ಸಗಣಿ, ನೀರು ಕಲಸಿದ್ದು) ಹೋದರೆ ಅದು 40 ದಿನ ಒಳಗಿರುತ್ತದೆ. 150 ಲೀಟರ್ ಹೋದರೆ 27 ದಿನಕ್ಕೇ ಹೊರಗೆ ಬರುತ್ತದೆ, ಅರ್ಧ ಕೊಳೆತ ಸಗಣಿಯೇ ಗೊಬ್ಬರದ ಗುಂಡಿ ಸೇರುತ್ತದೆ. ಗ್ಯಾಸ್ ಕಡಿಮೆ ಎಂದು ದೂರುವ ಮನೆಗಳಲ್ಲಿ ಮೊದಲು ನೋಡಬೇಕಾದ ಜಾಗ ಇದೇ, ಇದಕ್ಕೆ ಯಾವ ಮೀಟರೂ ಬೇಕಿಲ್ಲ.

ಗ್ಯಾಸಿನ ಪ್ರಮಾಣ: ನಾಲ್ಕು ದಾರಿ

*ಒಲೆ ಉರಿದ ಗಂಟೆ.* ಖರ್ಚಿಲ್ಲದ ದಾರಿ. ಗಂಟೆಗೆ 450 ಲೀಟರ್ ಎಂದು ನಮೂದಿಸಿದ ಬರ್ನರ್ ಆದರೆ 2 ಘನ ಮೀಟರ್ ಗ್ಯಾಸಿಗೆ ಸುಮಾರು ನಾಲ್ಕೂವರೆ ಗಂಟೆ ಪೂರ್ತಿ ಉರಿಯಬೇಕು. ಸಣ್ಣ ಉರಿಯಲ್ಲಿಟ್ಟ ಹೊತ್ತನ್ನು ಸೇರಿಸಿದರೆ ಲೆಕ್ಕ ಕೆಡುತ್ತದೆ. ಬಗ್ಗಡದ ಮೇಲೆ ತೇಲುವ ಡ್ರಮ್ಮಿನಲ್ಲಿ ಗ್ಯಾಸ್ ಸೇರುವ ಘಟಕದಲ್ಲಿ ಒತ್ತಡ ಸದಾ ಒಂದೇ, ಸುಮಾರು 8ರಿಂದ 10 ಸೆಂಟಿಮೀಟರ್ ಎತ್ತರದ ನೀರಿನಷ್ಟು. ಹಾಗಾಗಿ ಅಲ್ಲಿ ಈ ಲೆಕ್ಕ ತಕ್ಕಮಟ್ಟಿಗೆ ಹೊಂದುತ್ತದೆ. ದೀನಬಂಧು ಮಾದರಿಯಂಥ, ಅಲುಗದ ಗುಮ್ಮಟದೊಳಗೆ ಗ್ಯಾಸ್ ಸೇರುವ ಘಟಕದಲ್ಲಿ ಒತ್ತಡ ಸೊನ್ನೆಯಿಂದ 90 ಸೆಂಟಿಮೀಟರಿನವರೆಗೂ ಏರಿಳಿಯುತ್ತದೆ. ಒತ್ತಡ ನಾಲ್ಕು ಪಟ್ಟಾದರೆ ಅದೇ ಬರ್ನರಿನಲ್ಲಿ ಗ್ಯಾಸ್ ಎರಡು ಪಟ್ಟು ಹರಿಯುತ್ತದೆ. ಅಲ್ಲಿ ಗಂಟೆ ಎಣಿಸಿ ಪ್ರಯೋಜನವಿಲ್ಲ.

*ಡ್ರಮ್ಮಿನ ಎತ್ತರ.* ಖಾದಿ ಆಯೋಗದ ಮಾದರಿಯ ತೇಲುವ ಡ್ರಮ್ ಇರುವವರ ಬಳಿ ಒಳ್ಳೆಯ ಮೀಟರ್ ಆಗಲೇ ಇದೆ. ಡ್ರಮ್ಮಿನ ಮೈಮೇಲೆ ಬಣ್ಣದಲ್ಲಿ ಸೆಂಟಿಮೀಟರ್ ಗೆರೆ ಎಳೆಯಿರಿ. ಎದುರುಬದುರಾಗಿ ಎರಡು ಕಡೆ ಎಳೆದರೆ ಒಳ್ಳೆಯದು, ಡ್ರಮ್ ಸ್ವಲ್ಪ ವಾಲಿದ್ದರೂ ಎರಡರ ಸರಾಸರಿ ಸರಿಯಾಗುತ್ತದೆ. 1.25 ಮೀಟರ್ ವ್ಯಾಸದ ಡ್ರಮ್ 10 ಸೆಂಟಿಮೀಟರ್ ಏರಿದರೆ 123 ಲೀಟರ್ ಗ್ಯಾಸ್ ಸೇರಿತು ಎಂದರ್ಥ.

ವಿಧಾನ ಹೀಗೆ: ರಾತ್ರಿ ಅಡುಗೆ ಮುಗಿದ ಮೇಲೆ ಡ್ರಮ್ ಆದಷ್ಟು ಖಾಲಿಯಾಗುವಂತೆ ನೋಡಿಕೊಳ್ಳಿ. 9 ಗಂಟೆಗೆ ಎತ್ತರ ಬರೆಯಿರಿ, ಬೆಳಿಗ್ಗೆ 6ಕ್ಕೆ ಒಲೆ ಹಚ್ಚುವ ಮೊದಲು ಮತ್ತೆ ಬರೆಯಿರಿ. 60 ಸೆಂಟಿಮೀಟರ್ ಏರಿದ್ದರೆ ಒಂಬತ್ತು ಗಂಟೆಗೆ 738 ಲೀಟರ್, ಗಂಟೆಗೆ 82, ದಿನಕ್ಕೆ ಹತ್ತಿರ ಹತ್ತಿರ 2 ಘನ ಮೀಟರ್. ಖಾಲಿ ಮಾಡಿ ಎನ್ನುವುದಕ್ಕೆ ಕಾರಣವಿದೆ. ಸಂಜೆಯ ಬಿಸಿಗೆ ಹಿಗ್ಗಿದ್ದ ಗ್ಯಾಸ್ ಮುಂಜಾವಿನ ತಂಪಿಗೆ ಕುಗ್ಗುತ್ತದೆ. 10 ಡಿಗ್ರಿ ಇಳಿದರೆ, ಒಳಗಿನ ಆವಿ ನೀರಾಗುವುದೂ ಸೇರಿ, ಸುಮಾರು ಶೇ 5ರಷ್ಟು ಕಮ್ಮಿ ಕಾಣುತ್ತದೆ. ಸಂಜೆ ಡ್ರಮ್ ತುಂಬಿದ್ದರೆ ಆ ಕುಗ್ಗುವಿಕೆ ಪೂರ್ತಿ ಸಂಗ್ರಹಕ್ಕೆ ತಗಲುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ನೋಡಿದ ಎತ್ತರವನ್ನಂತೂ ಪುಸ್ತಕಕ್ಕೆ ಸೇರಿಸಲೇಬೇಡಿ.

*ಮನೆಬಳಕೆಯ ಡಯಾಫ್ರಾಮ್ ಮೀಟರ್.* ಪೈಪ್ ಗ್ಯಾಸ್ ಇರುವ ಮನೆಗಳಲ್ಲಿ ಕಾಣುವ ಪೆಟ್ಟಿಗೆಯಂಥ ಮೀಟರ್ ಇದು. ಕೆಲವು ಸಾವಿರ ರೂಪಾಯಿಯ ಸಾಧನ, ಗುಮ್ಮಟದ ಘಟಕಕ್ಕೆ ನಮ್ಮ ಮೊದಲ ಆಯ್ಕೆ. ಗಂಟೆಗೆ ಗರಿಷ್ಠ 2.5 ಘನ ಮೀಟರ್ ಹಾಯುವ ಜಿ 1.6 ಗಾತ್ರದ್ದು ಎರಡು ಬರ್ನರಿನ ಒಲೆಗೆ ಧಾರಾಳ. 5 ಕಿಲೋವಾಟಿನ ಎಂಜಿನ್ ಗಂಟೆಗೆ ಮೂರು, ಮೂರೂವರೆ ಘನ ಮೀಟರ್ ಎಳೆಯುತ್ತದೆ, ಅದಕ್ಕೆ 6 ಘನ ಮೀಟರಿನ ಜಿ 4 ಹಾಕಿ. ಬಲೂನ್ ಮಾದರಿಯ ಚೀಲದ ಘಟಕದಲ್ಲಿ ಒತ್ತಡವೇ ಕೆಲವು ಸೆಂಟಿಮೀಟರ್. ಸಣ್ಣ ಮೀಟರಿನಲ್ಲಿ ಗರಿಷ್ಠ ಹರಿವಿಗೆ 2 ಸೆಂಟಿಮೀಟರಿನಷ್ಟು ಒತ್ತಡ ಕಳೆದುಹೋಗುವುದರಿಂದ ಅಲ್ಲೂ ಒಂದು ಗಾತ್ರ ದೊಡ್ಡದನ್ನೇ ತೆಗೆದುಕೊಳ್ಳುವುದು ವಾಸಿ.

ಈ ಮೀಟರ್ ಹಾಳಾಗುವುದು ಎರಡರಿಂದ: ನೀರು ಮತ್ತು ಹೈಡ್ರೋಜನ್ ಸಲ್ಫೈಡ್. ಮೀಟರಿಗೆ ಮೊದಲು ನೀರು ಇಳಿಸುವ ಟ್ರ್ಯಾಪ್ ಇರಲೇಬೇಕು, ಪೈಪು ಟ್ರ್ಯಾಪಿನ ಕಡೆಗೆ ಪ್ರತಿ ಒಂದು ಮೀಟರ್ ಉದ್ದಕ್ಕೆ ಒಂದು ಸೆಂಟಿಮೀಟರಿನಂತೆ ಇಳಿಜಾರಾಗಿರಬೇಕು, ಮೀಟರ್ ಟ್ರ್ಯಾಪಿಗಿಂತ ಎತ್ತರದಲ್ಲಿ, ನೆರಳಿನಲ್ಲಿ ಕೂರಬೇಕು. ಪಿವಿಸಿ ಪೈಪಿನ ತುಂಡಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿ ಮೀಟರಿನ ಮುಂದೆ ಕೂರಿಸಿದರೆ ಸಲ್ಫೈಡ್ ಅಲ್ಲೇ ಉಳಿಯುತ್ತದೆ. ಚೂರು ಪೂರ್ತಿ ಕಪ್ಪಾದಾಗ ಹೊರತೆಗೆದು ಗಾಳಿಗೆ ಹರವಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಹರವುವಾಗ ಅದು ತಾನಾಗಿ ಬಿಸಿಯಾಗುತ್ತದೆ, ಹುಲ್ಲಿನ ಬಣವೆಯ ಹತ್ತಿರ ಹಾಕಬೇಡಿ.

ಇನ್ನೊಂದು ಸೂಕ್ಷ್ಮ. ಮೀಟರ್ ಹೇಳುವುದು ನೀವು ಬಳಸಿದ ಗ್ಯಾಸನ್ನು, ಘಟಕ ಹುಟ್ಟಿಸಿದ್ದನ್ನಲ್ಲ. ಡ್ರಮ್ ತುಂಬಿ ಅಂಚಿನಿಂದ ಗುಳ್ಳೆ ಎದ್ದರೂ, ಗುಮ್ಮಟ ತುಂಬಿ ಬಗ್ಗಡದ ಹೊರಗಂಡಿಯಿಂದ ಗ್ಯಾಸ್ ಹೋದರೂ ಮೀಟರಿಗೆ ಗೊತ್ತಾಗುವುದಿಲ್ಲ. ಮದುವೆ, ಜಾತ್ರೆಗೆಂದು ಮನೆಯವರು ಮೂರು ದಿನ ಊರಲ್ಲಿಲ್ಲದಿದ್ದರೆ ಆ ದಿನಗಳನ್ನು ಸರಾಸರಿಗೆ ಸೇರಿಸಬೇಡಿ. ಪರೀಕ್ಷೆಯ ವಾರದಲ್ಲಿ ಮಿಕ್ಕಿದ ಗ್ಯಾಸಿನಲ್ಲಿ ದನಗಳಿಗೆ ನೀರನ್ನಾದರೂ ಕಾಯಿಸಿ ಖಾಲಿ ಮಾಡಿ.

*ದೊಡ್ಡ ಘಟಕದ ಫ್ಲೋ ಮೀಟರುಗಳು.* ದಿನಕ್ಕೆ ನೂರಾರು ಘನ ಮೀಟರ್ ಬರುವ ಕಡೆ ಥರ್ಮಲ್ ಮಾಸ್ ಮೀಟರ್ (ಹರಿವ ಗ್ಯಾಸ್ ಒಯ್ಯುವ ಶಾಖದಿಂದ ಅಳೆಯುವುದು) ಅಥವಾ ವೋರ್ಟೆಕ್ಸ್ ಮೀಟರ್ (ಹರಿವಿನ ಸುಳಿ ಎಣಿಸುವುದು) ಹಾಕುತ್ತಾರೆ. ಥರ್ಮಲ್ ಮೀಟರನ್ನು ಒಂದು ನಿರ್ದಿಷ್ಟ ಮೀಥೇನ್ ಪ್ರಮಾಣಕ್ಕೆ ಹೊಂದಿಸಿರುತ್ತಾರೆ. ಗ್ಯಾಸಿನ ಗುಣ ಬದಲಾದರೆ, ನೀರಿನ ಹನಿ ಸಂವೇದಕಕ್ಕೆ ಬಡಿದರೆ ಓದು ತಪ್ಪುತ್ತದೆ. ವೋರ್ಟೆಕ್ಸಿಗೆ ಹಿಂದೆ ಮುಂದೆ ನೇರ ಪೈಪು ಬೇಕು, ಹರಿವು ತೀರಾ ಕಡಿಮೆಯಾದರೆ ಅದು ಸೊನ್ನೆ ತೋರಿಸುತ್ತದೆ. ಘಟಕದ ಪೂರ್ಣ ಸಾಮರ್ಥ್ಯಕ್ಕೆ ತಕ್ಕ ಗಾತ್ರ ಕೊಂಡು, ಮೂರನೇ ಒಂದು ಭಾಗ ಸಗಣಿಯಲ್ಲಿ ಓಡಿಸುವವರು ಇದರಲ್ಲಿ ಮೋಸಹೋಗುತ್ತಾರೆ.

ಕೋಲಾರದ ಘನ ಮೀಟರೂ ಉಡುಪಿಯ ಘನ ಮೀಟರೂ ಒಂದಲ್ಲ

ಎರಡು ಘಟಕ ಹೋಲಿಸುವವರು ಇದನ್ನು ಬಿಡಬಾರದು. ಗ್ಯಾಸಿನ ಗಾತ್ರ ಶಾಖ, ವಾಯುಭಾರ, ತೇವದ ಜೊತೆ ಬದಲಾಗುತ್ತದೆ. ಸೊನ್ನೆ ಡಿಗ್ರಿಯ, ಒಣಗಿದ, ಸಮುದ್ರಮಟ್ಟದ ಗ್ಯಾಸಿಗೆ ಪರಿವರ್ತಿಸಿ ಹೇಳುವುದು ರೂಢಿ. ಲೆಕ್ಕ ಹೀಗೆ: ಓದಿದ ಗಾತ್ರವನ್ನು 273ರಿಂದ ಗುಣಿಸಿ, ಗ್ಯಾಸಿನ ಶಾಖಕ್ಕೆ 273 ಕೂಡಿಸಿದ ಸಂಖ್ಯೆಯಿಂದ ಭಾಗಿಸಿ. ಆಮೇಲೆ ಊರಿನ ವಾಯುಭಾರಕ್ಕೆ ಪೈಪಿನ ಒತ್ತಡ ಕೂಡಿಸಿ, ಆವಿಯ ಒತ್ತಡ ಕಳೆದು, 1013ರಿಂದ ಭಾಗಿಸಿ ಬಂದದ್ದರಿಂದ ಗುಣಿಸಿ. ಒತ್ತಡಗಳೆಲ್ಲ ಮಿಲಿಬಾರಿನಲ್ಲಿರಬೇಕು, 1 ಸೆಂಟಿಮೀಟರ್ ನೀರು ಹೆಚ್ಚುಕಡಿಮೆ 1 ಮಿಲಿಬಾರ್.

30 ಡಿಗ್ರಿಯಲ್ಲಿ ಆವಿಯ ಒತ್ತಡ 42 ಮಿಲಿಬಾರ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರು, ಕೋಲಾರದ ಕಡೆ ವಾಯುಭಾರ ಸುಮಾರು 910, ಡ್ರಮ್ಮಿನ ಒತ್ತಡ 10. ಹಾಗೆ ಲೆಕ್ಕ ಹಾಕಿದರೆ ಮೀಟರಿನ 1 ಘನ ಮೀಟರ್ ನಿಜಕ್ಕೆ 0.78. ಕರಾವಳಿಯಲ್ಲಿ ಅದೇ 1 ಘನ ಮೀಟರ್ 0.87. ಘಟಕದಲ್ಲಿ ಏನೂ ವ್ಯತ್ಯಾಸವಿಲ್ಲದೆ ಶೇ 10ರ ಅಂತರ ಹುಟ್ಟಿತು. ನಿಮ್ಮದೇ ಘಟಕವನ್ನು ಹೋದ ತಿಂಗಳಿನ ಜೊತೆ ಹೋಲಿಸುವುದಾದರೆ ಇಷ್ಟೆಲ್ಲ ಬೇಡ, ಅದೇ ಹೊತ್ತಿಗೆ ಓದಿದರೆ ಸಾಕು. ಯಾರಾದರೂ "ಕೆಜಿಗೆ ಇಷ್ಟು ಗ್ಯಾಸ್ ಬರುತ್ತದೆ" ಎಂದು ಘಟಕ ಮಾರಲು ಬಂದರೆ ಮಾತ್ರ ಯಾವ ಶಾಖ, ಯಾವ ಒತ್ತಡದ ಲೆಕ್ಕ ಅದು ಎಂದು ಕೇಳಲೇಬೇಕು.

ಮೀಥೇನ್: ಸಿರಿಂಜೋ, ಯಂತ್ರವೋ?

ಸಗಣಿ ಗ್ಯಾಸಿನಲ್ಲಿ ಉರಿಯುವ ಭಾಗವಾದ ಮೀಥೇನ್ ಶೇ 55ರಿಂದ 60, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಶೇ 60 ಇದ್ದರೆ 1 ಘನ ಮೀಟರಿನಲ್ಲಿ ಸುಮಾರು 0.45 ಕೆಜಿ ಎಲ್‌ಪಿಜಿಯ ಶಕ್ತಿ ಇರುತ್ತದೆ.

ಮನೆಮಟ್ಟಕ್ಕೆ ಸಿರಿಂಜ್ ವಿಧಾನ ನಿಜವಾಗಿಯೂ ಒಳ್ಳೆಯದು. ಲೀಟರ್ ನೀರಿಗೆ 40 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಇಟ್ಟುಕೊಳ್ಳಿ. ಕನ್ನಡಕ, ಕೈಗವಸು ಹಾಕಿಕೊಂಡೇ ಮಾಡಿ, ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾಕ್ಕಲ್ಲ. ಒಲೆಯ ಪೈಪನ್ನು ಒಂದು ನಿಮಿಷ ಹೊರಗೆ ಬಿಟ್ಟು ಹಳೆಯ ಗಾಳಿ ಕಳೆಯಿರಿ. ಸುತ್ತ ಬೆಂಕಿ ಇರಬಾರದು. 60 ಮಿಲಿಲೀಟರಿನ ಸಿರಿಂಜಿಗೆ ಎರಡು ಸಲ ಗ್ಯಾಸ್ ಎಳೆದು ಬಿಟ್ಟು, ಮೂರನೇ ಸಲ ಸರಿಯಾಗಿ 40 ಮಿಲಿಲೀಟರ್ ಎಳೆಯಿರಿ. ಅದೇ ಸಿರಿಂಜಿಗೆ 10 ಮಿಲಿಲೀಟರ್ ದ್ರಾವಣ ಎಳೆದು, ಬಾಯಿ ಮುಚ್ಚಿ, ಒಂದು ನಿಮಿಷ ಕುಲುಕಿ. ಬಾಯಿ ದ್ರಾವಣದೊಳಗೆ ಮುಳುಗಿಸಿ ಬಿಟ್ಟರೆ ಹೀರಿಹೋದ ಗ್ಯಾಸಿನ ಜಾಗಕ್ಕೆ ದ್ರಾವಣ ಏರುತ್ತದೆ. ಉಳಿದ ಗ್ಯಾಸ್ 23 ಮಿಲಿಲೀಟರ್ ಆದರೆ ಮೀಥೇನ್ ಶೇ 57ರ ಆಸುಪಾಸು. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಇದರ ದೋಷ ಒಂದೇ, ಆದರೆ ದೊಡ್ಡದು: ಉಳಿದದ್ದೆಲ್ಲ ಮೀಥೇನ್ ಎಂದು ಇದು ನಂಬಿಬಿಡುತ್ತದೆ. ಗಾಳಿ ಸೇರಿದ್ದರೆ ಅದೂ ಮೀಥೇನ್ ಲೆಕ್ಕಕ್ಕೆ ಬರುತ್ತದೆ. ಶೇ 70 ಎಂದು ಬಂದರೆ ಸಂತೋಷಪಡುವ ಮೊದಲು ಸಿರಿಂಜಿನ ರಬ್ಬರ್ ನೋಡಿ.

ಇನ್ಫ್ರಾರೆಡ್ ಕೈಯಂತ್ರ ಮೀಥೇನ್, ಡೈಆಕ್ಸೈಡ್, ಆಮ್ಲಜನಕ, ಸಲ್ಫೈಡ್ ನಾಲ್ಕನ್ನೂ ಒಂದೇ ಸಲ ಹೇಳುತ್ತದೆ. ಆಮ್ಲಜನಕವನ್ನು ಹೇಳುವುದೇ ಅದರ ದೊಡ್ಡ ಗುಣ, ಗಾಳಿ ನುಗ್ಗಿದ್ದು ಕೂಡಲೇ ಗೊತ್ತಾಗುತ್ತದೆ. ಬೆಲೆ ಲಕ್ಷದ ಲೆಕ್ಕದಲ್ಲಿದೆ, ಸಲ್ಫೈಡ್ ಸಂವೇದಕ ಕಾಲಕಾಲಕ್ಕೆ ಬದಲಿಸಬೇಕು, ಪ್ರಮಾಣಿತ ಗ್ಯಾಸಿನಿಂದ ವರ್ಷಕ್ಕೊಮ್ಮೆಯಾದರೂ ಸರಿಹೊಂದಿಸಬೇಕು. ಎಂಜಿನ್ ಇರುವವರಿಗೆ ಇದು ಬೇಕು, ಏಕೆಂದರೆ ಸಲ್ಫೈಡ್ ಎಂಜಿನ್ ಎಣ್ಣೆಯನ್ನೂ ಬೇರಿಂಗನ್ನೂ ತಿನ್ನುತ್ತದೆ. ಆದರೂ ಒಬ್ಬೊಬ್ಬರೂ ಕೊಳ್ಳುವ ಬದಲು ಹಾಲು ಸಂಘದ ನಾಲ್ಕೈದು ಡೈರಿಗಳು ಸೇರಿ ಒಂದನ್ನು ಕೊಳ್ಳುವುದು ಜಾಣತನ. ಮನೆಯ ಒಲೆಗೆ ಇದು ಬೇಡವೇ ಬೇಡ.

ಒಳಗಿನ ಆರೋಗ್ಯ

ಬಗ್ಗಡ ಎಷ್ಟು ಹುಳಿ ಎಂದು ಬಣ್ಣದಿಂದ ಹೇಳುವ ಪಿಎಚ್ ಪಟ್ಟಿ ಅಗ್ಗ. 6.8ರಿಂದ 7.5ರ ನಡುವೆ ಇರಬೇಕು. ಆದರೆ ಅದು ತಡವಾಗಿ ಕೂಗುವ ಕಾವಲುಗಾರ: ಸಗಣಿ ಬಗ್ಗಡ ಆಮ್ಲವನ್ನು ತಾಳಿಕೊಳ್ಳುವ ಗುಣದ್ದಾದ್ದರಿಂದ ಪಿಎಚ್ ಇಳಿಯುವ ಹೊತ್ತಿಗೆ ಘಟಕ ಆಗಲೇ ಹುಳಿಯಾಗಿರುತ್ತದೆ. ಬರೀ ಸಗಣಿ ಹಾಕುವ ಮನೆಗೆ ಪಟ್ಟಿ ಸಾಕು. ಹೋಟೆಲಿನ ಮುಸುರೆ, ಹಣ್ಣಿನ ಸಿಪ್ಪೆ ಸೇರಿಸುವವರು ಆಮ್ಲ ಮತ್ತು ಕ್ಷಾರದ ಅನುಪಾತ ನೋಡಬೇಕು.

ಅದಕ್ಕೆ ಬ್ಯೂರೆಟ್ (ಹನಿಹನಿಯಾಗಿ ಅಳೆದು ಬಿಡುವ ಗಾಜಿನ ನಳಿಗೆ), ಪಿಎಚ್ ಮೀಟರ್, 0.1 ನಾರ್ಮಲ್ ತೀವ್ರತೆಯ ಗಂಧಕಾಮ್ಲ ಇದ್ದರೆ ಡೈರಿಯಲ್ಲೇ ಮಾಡಬಹುದು. ಸೋಸಿದ 20 ಮಿಲಿಲೀಟರ್ ಬಗ್ಗಡಕ್ಕೆ ಪಿಎಚ್ 5.0 ಆಗುವವರೆಗೆ ಆಮ್ಲ ಬಿಡಿ. ಎಷ್ಟು ಮಿಲಿಲೀಟರ್ ಹಿಡಿಯಿತೋ ಅದನ್ನು 250ರಿಂದ ಗುಣಿಸಿದರೆ ಕ್ಷಾರ. ಅಲ್ಲಿಂದ 4.4ರವರೆಗೆ ಹಿಡಿದದ್ದನ್ನು 1.66ರಿಂದ ಗುಣಿಸಿ, 0.15 ಕಳೆದು, 500ರಿಂದ ಗುಣಿಸಿದರೆ ಆಮ್ಲ. ಮೊದಲನೆಯದಕ್ಕೆ 14, ಎರಡನೆಯದಕ್ಕೆ 1.6 ಮಿಲಿಲೀಟರ್ ಹಿಡಿದರೆ ಕ್ಷಾರ 3500, ಆಮ್ಲ 1253, ಅನುಪಾತ 0.36. 0.4ರೊಳಗೆ ಇದ್ದರೆ ನಿಶ್ಚಿಂತೆ. 0.5 ದಾಟಿತೆಂದರೆ ಮುಸುರೆ ಅಂದೇ ನಿಲ್ಲಿಸಿ, ಕೆಲವು ದಿನ ಸಗಣಿಯನ್ನೂ ಅರ್ಧ ಮಾಡಿ. ಯಾವ ಮಾದರಿಗಾಗಿಯೂ ಗುಂಡಿಗೆ ಬಗ್ಗಬೇಡಿ, ಇಳಿಯಲಂತೂ ಬೇಡಿ. ಹೊರಗಂಡಿಯಲ್ಲಿ ಆಗತಾನೆ ಹರಿದುಬಂದ ಬಗ್ಗಡವೇ ಸಾಕು. ಶಾಖವನ್ನೂ ಅದರಲ್ಲೇ ನೋಡಿ: ಮಲೆನಾಡಿನ ಡಿಸೆಂಬರಿನಲ್ಲಿ ಬಗ್ಗಡ 20 ಡಿಗ್ರಿಗೆ ಇಳಿದರೆ ಗ್ಯಾಸ್ ಕಡಿಮೆಯಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಲ್ಯಾಬಿಗೆ ಕಳಿಸುವ ಪರೀಕ್ಷೆ ಮುಖ್ಯವಾಗಿ ಒಣ ಪದಾರ್ಥದ್ದು: 105 ಡಿಗ್ರಿಯಲ್ಲಿ ಒಣಗಿಸಿ ಒಟ್ಟು ಘನಾಂಶ, 550 ಡಿಗ್ರಿಯಲ್ಲಿ ಸುಟ್ಟು ಉಳಿದ ಬೂದಿ ಕಳೆದರೆ ಸಾವಯವ ಅಂಶ. ಒಳಗೆ ಹೋದ ಸಾವಯವ ಅಂಶದಲ್ಲಿ ಎಷ್ಟು ಕರಗಿತು ಎಂಬುದು ಘಟಕದ ಅಂಕಪಟ್ಟಿ. ಸಗಣಿಗೆ ಶೇ 30ರಿಂದ 40 ಸಹಜ. ಇದರಲ್ಲಿ ಒಂದು ಬಲೆಯಿದೆ. ಬಗ್ಗಡ ಗುಂಡಿಯ ತಳದಲ್ಲಿ ಕೂರುತ್ತಿದ್ದರೆ ಹೊರಬರುವುದು ತಿಳಿನೀರು, ಲ್ಯಾಬಿನ ಕಾಗದದಲ್ಲಿ "ಶೇ 65 ಕರಗಿದೆ" ಎಂದು ಬರುತ್ತದೆ. ಕರಗಿದ್ದಲ್ಲ, ತಳದಲ್ಲಿ ಹೂಳಾಗಿದೆ. ಪತ್ತೆಹಚ್ಚುವ ಉಪಾಯ ಬೂದಿ. ಬೂದಿಯನ್ನು ಯಾವ ಸೂಕ್ಷ್ಮಜೀವಿಯೂ ತಿನ್ನಲಾರದು, ಹಾಗಾಗಿ ಲೀಟರಿಗೆ ಒಳಗೆ ಹೋದಷ್ಟೇ ಹೊರಗೆ ಬರಬೇಕು. ಹೊರಗೆ ಅರ್ಧವೇ ಬಂದಿದ್ದರೆ ಮಣ್ಣು, ಮರಳು ಸಮೇತ ಎಲ್ಲವೂ ಒಳಗೆ ಕೂರುತ್ತಿದೆ. ಇಂದಿನ ಹೊರಬಗ್ಗಡ 40 ದಿನದ ಹಿಂದಿನ ಸಗಣಿ ಎಂಬುದನ್ನೂ ಮರೆಯಬೇಡಿ. ಒಂದೊಂದು ಮಾದರಿಯಿಂದ ತೀರ್ಪು ಕೊಡಲಾಗದು, ಎರಡು ತಿಂಗಳ ವಾರದ ಮಾದರಿಗಳ ಸರಾಸರಿ ಬೇಕು.

ಯಾರಿಗೆ ಎಷ್ಟು

ಎರಡರಿಂದ ಐದು ದನ, ಅಡುಗೆ ಒಲೆ: ತಕ್ಕಡಿ, ಬಕೆಟ್, ಡ್ರಮ್ಮಿನ ಗೆರೆ. ಗುಮ್ಮಟವಾದರೆ ಜಿ 1.6 ಮೀಟರ್, ಜೊತೆಗೆ ಗಾರೆ ಕೆಲಸದವರ ಪಾರದರ್ಶಕ ಲೆವೆಲ್ ಪೈಪನ್ನು ಇಂಗ್ಲಿಷಿನ ಯು ಆಕಾರಕ್ಕೆ ಹಲಗೆಗೆ ಕಟ್ಟಿ ನೀರು ತುಂಬಿದ ಒತ್ತಡಮಾಪಕ. ವರ್ಷಕ್ಕೆ ಎರಡು ಸಲ ಸಿರಿಂಜ್. ಇದಕ್ಕಿಂತ ಹೆಚ್ಚಿಗೆ ಹಣ ಹಾಕುವುದಿದ್ದರೆ ಅದನ್ನು ಹೊಸ ಒಲೆಗೆ ಹಾಕಿ.

20ರಿಂದ 50 ದನ, ಜನರೇಟರ್: ಜಿ 4 ಮೀಟರ್ ಮತ್ತು ಕರೆಂಟಿನ ಮೀಟರ್ ಎರಡೂ ಇರಲಿ. ಸಣ್ಣ ಎಂಜಿನ್ 1 ಘನ ಮೀಟರಿಗೆ 1.2ರಿಂದ 1.5 ಯೂನಿಟ್ ಕೊಡುತ್ತದೆ. ಬರೀ ಯೂನಿಟ್ ನೋಡಿದರೆ ತಪ್ಪು ಎಂಜಿನ್ನಿನದೋ ಗುಂಡಿಯದೋ ತಿಳಿಯದು. ಹಂಚಿಕೊಂಡ ಕೈಯಂತ್ರ, ತಿಂಗಳಿಗೊಮ್ಮೆ ಆಮ್ಲದ ಅನುಪಾತ.

ಗ್ಯಾಸ್ ಮಾರುವವರು, ಗುತ್ತಿಗೆದಾರರಿಗೆ ಕೊನೆಯ ಕಂತು ಕೊಡಬೇಕಾದ ಗೋಶಾಲೆಯವರು: ಶಾಖ, ಒತ್ತಡ ಸರಿಪಡಿಸಿದ ಓದು, ಲ್ಯಾಬಿನ ಘನಾಂಶ, ಬೂದಿಯ ಲೆಕ್ಕ, ಮತ್ತು ಪೂರಾ ಒಂದು ವರ್ಷ. ಏಪ್ರಿಲ್ ತಿಂಗಳ ಓದಿನ ಮೇಲೆ ಸಹಿ ಹಾಕಿದವರು ಜನವರಿಯಲ್ಲಿ ಪರದಾಡುತ್ತಾರೆ.

ಅಂಕಿಗಳು ಬಂದ ಮೇಲೆ

ಗ್ಯಾಸ್ ಇಳಿದಿದೆ, ಮೀಥೇನ್ ಹಾಗೇ ಇದೆ: ಸಗಣಿ ಕಡಿಮೆ, ನೀರು ಹೆಚ್ಚು, ಚಳಿ ಅಥವಾ ಸೋರಿಕೆ. ವಾಲ್ವ್ ಮುಚ್ಚಿ ರಾತ್ರಿ ಬಿಡಿ. ಗುಮ್ಮಟದ ಒತ್ತಡ ಏರುವ ಬದಲು ಇಳಿದಿದ್ದರೆ ಸೋರುತ್ತಿದೆ, ಸೋಪಿನ ನೊರೆ ಹಚ್ಚಿ ಜಾಗ ಹುಡುಕಿ. ಮೀಥೇನೂ ಶೇ 50ರ ಕೆಳಗೆ ಬಂದಿದೆ: ಒಳಗೆ ಹುಳಿಯಾಗುತ್ತಿದೆ, ಅಥವಾ ಫಿನಾಯಿಲ್, ಔಷಧಿ ಕೊಟ್ಟ ದನದ ಸಗಣಿ ಒಳಗೆ ಹೋಗಿದೆ. ಡ್ರಮ್ ಚೆನ್ನಾಗಿ ಏರುತ್ತದೆ, ಮೀಟರ್ ಮಾತ್ರ ಕಡಿಮೆ ತೋರಿಸುತ್ತದೆ: 450 ಲೀಟರಿನ ಒಂದು ಬರ್ನರನ್ನು ಅರ್ಧ ಗಂಟೆ ಪೂರ್ತಿ ಉರಿಸಿ. ಮೀಟರ್ 225 ಲೀಟರ್ ತೋರಿಸಬೇಕು. ಗಂಟೆಗೆ 82 ಲೀಟರಿನ ಲೆಕ್ಕದಲ್ಲಿ ಆ ಅರ್ಧ ಗಂಟೆಯಲ್ಲಿ ಹೊಸದಾಗಿ 41 ಲೀಟರ್ ಹುಟ್ಟುವುದರಿಂದ 1.25 ಮೀಟರಿನ ಡ್ರಮ್ 15 ಸೆಂಟಿಮೀಟರ್ ಇಳಿಯಬೇಕು. ಡ್ರಮ್ ಅಷ್ಟು ಇಳಿದೂ ಮೀಟರ್ 150ಕ್ಕೆ ನಿಂತರೆ ಮೀಟರಿನ ಒಳಗನ್ನು ಸಲ್ಫೈಡ್ ತಿಂದಿದೆ. ಎಲ್ಲ ಓದೂ ಸರಿಯಿದ್ದು, ಉರಿ ಮಾತ್ರ ಕುಣಿಯುತ್ತ ಅನ್ನ ಬೇಯಲು ತಡವಾದರೆ ಘಟಕದ ತಂಟೆಗೆ ಹೋಗಬೇಡಿ. ಒಲೆಗೂ ಗುಂಡಿಗೂ ನಡುವೆ ಪೈಪು ಎಲ್ಲಿ ಜೋತುಬಿದ್ದಿದೆ ನೋಡಿ, ಆ ತಗ್ಗಿನಲ್ಲಿ ನೀರು ನಿಂತಿರುತ್ತದೆ.